ಕುಡಿದರೂ ಬಾಧೆಯಿಲ್ಲ

ದಿಗಂಬರನ ಮಾನ ಆ ಸೋಮವಾರ ನಡುಹೊಲದಲ್ಲಿ ಹರಾಜಾಗಲು ಒಂದೇ ಒಂದು ವಾಕ್ಯ ಕಾರಣ. "ಈ ಕಷಾಯವು ಎಷ್ಟು ನಿರಪಾಯಕಾರಿಯೆಂದರೆ ಮನುಷ್ಯರು ಕುಡಿದರೂ ಯಾವ ಬಾಧೆಯೂ ಇಲ್ಲ" ಎಂಬುದು ಆ ವಾಕ್ಯ. ಸೇವಂತಿಗೆ ಗಿಡಕ್ಕೆ ಹತ್ತುವ ಹೇನನ್ನು ಎಲೆಗಳ ಕಷಾಯದಿಂದ ಓಡಿಸುವ ಬಗ್ಗೆ ಅವನ ಹೆಸರಿನಲ್ಲಿ ಅಚ್ಚಾಗಿದ್ದ ಸಂಶೋಧನಾ ಪ್ರಬಂಧದ ಕಟ್ಟಕಡೆಯ ಸಾಲು. ಅಂಥದೊಂದು ಸಾಲು ಅಲ್ಲಿದೆಯೆಂಬುದು ಆ ಬೆಳಗಿನವರೆಗೂ ದಿಗಂಬರನಿಗೇ ಗೊತ್ತಿರಲಿಲ್ಲ.

ಗೊತ್ತಿರುವುದಾದರೂ ಹೇಗೆ? ಪ್ರಬಂಧ ಅವನದಾಗಿದ್ದರೆ ತಾನೆ. ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ಒಂದು ಕಾಲೇಜಿನಲ್ಲಿ ಅವನು ಸಸ್ಯಶಾಸ್ತ್ರ ಕಲಿಸುತ್ತಿದ್ದ; ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಆಗಬೇಕಾದರೆ ಸಂಶೋಧನೆ ಮಾಡಬೇಕು, ಸಂಶೋಧನೆ ಮಾಡಬೇಕಾದರೆ ಬಿಸಿಲಲ್ಲಿ ನಿಲ್ಲಬೇಕು, ಬಿಸಿಲೆಂದರೆ ದಿಗಂಬರನಿಗೆ ತಲೆನೋವು. ಕಾಲೇಜಿನ ಗ್ರಂಥಾಲಯದಲ್ಲಿ, ಎಷ್ಟೋ ವರ್ಷಗಳ ಹಿಂದೆ ಉದಗೀರದಲ್ಲಿ ನಡೆದ ವಿಚಾರಸಂಕಿರಣವೊಂದರ ಸಂಪುಟ ಗೆದ್ದಲಿಗೂ ರುಚಿಸದೆ ಬಿದ್ದಿತ್ತು. ಅದರಿಂದ ಒಂದು ಪ್ರಬಂಧವನ್ನು ಎತ್ತಿಕೊಂಡು, ಚೆಂಡು ಹೂವಿದ್ದ ಕಡೆ ಸೇವಂತಿಗೆ ಎಂದೂ ಉದಗೀರ ಎಂದಿದ್ದ ಕಡೆ ಗುಂಜೋಟಿ ಎಂದೂ ತಿದ್ದಿದ. ಬರೆದವರ ಹೆಸರಿದ್ದ ಜಾಗದಲ್ಲಿ ತನ್ನ ಹೆಸರು ಹಾಕಿದ. ಇಷ್ಟು ದುಡಿದದ್ದಕ್ಕೇ ಬೆನ್ನು ಹಿಡಿದುಕೊಂಡಿತು. ಕೊನೆಯ ಪುಟ ಓದುವ ತ್ರಾಣ ಉಳಿಯಲಿಲ್ಲ.

ತೋರಿಕೆಗೊಂದು ಪ್ರಯೋಗ ಬೇಕಲ್ಲ ಎಂದು ಬೇವು, ಸೀತಾಫಲ, ಎಕ್ಕದ ಎಲೆಗಳನ್ನು ಒಮ್ಮೆ ಮನೆಯ ಒಲೆಯ ಮೇಲೆ ಕುದಿಸಿದ್ದ. ಸತ್ತ ಹೆಗ್ಗಣ ಹುಡುಕಿಕೊಂಡು ಓಣಿಯ ಅರ್ಧ ಜನ ಮನೆಯೊಳಗೆ ಬಂದರು. ಹೆಂಡತಿ ಮೀನಲ ಆ ಪಾತ್ರೆಯನ್ನು ತೊಳೆಯದೆ ಬೀದಿಗೆ ಎಸೆದಳು. ಅಂದಿನಿಂದ ದಿಗಂಬರ ಕಷಾಯದ ಜವಾಬ್ದಾರಿಯನ್ನು ಪಕ್ಕದ ಹಳ್ಳಿ ಗುಂಜೋಟಿಯ ರೈತ ಗುರಣ್ಣನಿಗೆ ವಹಿಸಿದ್ದ. ಗುರಣ್ಣ ತನ್ನ ಸೇವಂತಿಗೆ ಹೊಲದ ಒಂದು ಮೂಲೆಯಲ್ಲಿ ಕಾಲೇಜಿನ ಫಲಕ ನೆಡಲು ಒಪ್ಪಿದ. ದಿಗಂಬರ ಫಲಕದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಬಂದ. ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಆ ಸೋಮವಾರ ಪುಣೆಯಿಂದ ಸುವರ್ಣಾ ಮೇಡಂ ಎಂಬ ತಜ್ಞೆ ಪ್ರಯೋಗ ನೋಡಲು ಬಂದರು. ಅವರು ಒಪ್ಪಿದರೆ ಯೋಜನೆಗೆ ಮಂಜೂರಾತಿ, ದಿಗಂಬರನ ನೌಕರಿ ಕಾಯಂ. ಒಪ್ಪದಿದ್ದರೆ ಅವನು ಮತ್ತೆ ಮನೆಪಾಠ ಹೇಳಿಕೊಂಡು ತಿರುಗಬೇಕು. ಬರುವ ತಜ್ಞರೆಲ್ಲ ಶಾಲು ಹೊದ್ದು, ಫರಾಳ ತಿಂದು, ನೆರಳಲ್ಲೇ ಒಪ್ಪಿಗೆ ಕೊಟ್ಟು ಹೋಗುವುದು ಕಾಲೇಜಿನ ಪದ್ಧತಿ. ಈ ಮೇಡಂ ಶಾಲನ್ನು ಮಡಿಚಿ ಪಕ್ಕಕ್ಕಿಟ್ಟು ಚೀಲದಿಂದ ಪ್ರಬಂಧವನ್ನೇ ಹೊರತೆಗೆದರು. ಅದನ್ನು ಅವರು ಓದಿಕೊಂಡು ಬಂದಿದ್ದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಗಾಬರಿಯಾದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿದ ಉದಾಹರಣೆ ಅಲ್ಲಿ ಇರಲಿಲ್ಲ.

ಮೇಡಂ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿ, ಕುಡಿದು ನೋಡಿದ್ದೀರಾ ಎಂದು ಮರಾಠಿಯಲ್ಲಿ ಕೇಳಿದರು. ದಿಗಂಬರನ ನಾಲಿಗೆ ಮೊದಲು ಆಡಿತು, ಬುದ್ಧಿ ಆಮೇಲೆ ಬಂತು. ದಿನವೂ ಕುಡಿಯುತ್ತೇನೆ ಎಂದುಬಿಟ್ಟ.

ಪ್ರಾಣಿಶಾಸ್ತ್ರದ ಜ್ಞಾನೇಶ್ವರ ಕುರ್ಚಿ ಹತ್ತಿರ ಎಳೆದುಕೊಂಡ. ಪರಭಣಿ ಕಡೆಯ ಈ ಮನುಷ್ಯ ಸಹೋದ್ಯೋಗಿಗಳು ಜಾರಿ ಬೀಳುವುದನ್ನು ಸಿನಿಮಾದ ಮೊದಲ ಆಟದಂತೆ ತಪ್ಪಿಸದೆ ನೋಡುತ್ತಿದ್ದ. ಹಾಗಾದರೆ ಹೊಲದಲ್ಲೇ ಎಲ್ಲರೆದುರು ಕುಡಿದು ತೋರಿಸಲಿ, ಫೋಟೋ ತಾನು ತೆಗೆಯುತ್ತೇನೆ ಎಂದ. ಪ್ರಾಂಶುಪಾಲ ಭೀಮಾಶಂಕರ ಅವರಿಗೂ ಇದು ಹಿಡಿಸಿತು. ಅವರಿಗೆ ಸಕ್ಕರೆ ಕಾಯಿಲೆ. ಯಾರು ಯಾವ ಸೊಪ್ಪಿನ ರಸ ಕೊಟ್ಟರೂ ಹೆಸರು ಕೇಳದೆ ಕುಡಿಯುವ ಅಭ್ಯಾಸ.

ದಿಗಂಬರ ಹೊರಗೆ ಹೋಗಿ ಗುರಣ್ಣನಿಗೆ ಫೋನ್ ಮಾಡಿ, ಮೇಡಂ ಬರುತ್ತಿದ್ದಾರೆ, ಸಿಂಪಡಿಸುವ ಪಂಪನ್ನು ತುಂಬಿ ಸಿದ್ಧವಾಗಿಡು ಎಂದ. ಗುರಣ್ಣ ಆಗಲಿ ಎಂದ. ಏನನ್ನು ತುಂಬಬೇಕೆಂದು ಇವನು ಹೇಳಲಿಲ್ಲ, ಅವನು ಕೇಳಲಿಲ್ಲ.

ದಾರಿಯುದ್ದಕ್ಕೂ ದಿಗಂಬರ ಎಕ್ಕದ ರಸ ಹೊಟ್ಟೆಗೆ ಹೋದರೆ ಏನೇನಾಗುತ್ತದೆಂದು ತಾನೇ ಮಾಡಿದ ಪಾಠವನ್ನು ನೆನಪಿಸಿಕೊಳ್ಳಲು ನೋಡಿದ. ಆ ಪಾಠವನ್ನೂ ಅವನು ಗೈಡು ನೋಡಿಯೇ ಮಾಡಿದ್ದರಿಂದ ಏನೂ ನೆನಪಾಗಲಿಲ್ಲ. ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ಎಲ್ಲರೂ ಅತ್ತ ತಿರುಗಿದಾಗ ಉಗುಳಿದರಾಯಿತು ಎಂದುಕೊಂಡು ಧೈರ್ಯ ತಂದುಕೊಂಡ.

ಹೊಲ ಮಾತ್ರ ನೋಡುವಂತಿತ್ತು. ಹಳದಿ ಸೇವಂತಿಗೆ ಒತ್ತೊತ್ತಾಗಿ ಅರಳಿ ನಿಂತಿತ್ತು. ಎಲೆ ತಿರುಗಿಸಿದರೂ ಒಂದು ಹೇನಿಲ್ಲ. ಭೀಮಾಶಂಕರ ಅವರು ಇದೆಲ್ಲ ನಮ್ಮ ಕಾಲೇಜಿನ ಸಂಶೋಧನೆ ಎಂದು ಗಿಡಗಿಡಕ್ಕೂ ಹೇಳುತ್ತ ನಡೆದರು. ದಿಗಂಬರನಿಗೇ ತನ್ನ ಕಷಾಯದ ಮೇಲೆ ಭಕ್ತಿ ಹುಟ್ಟಿತು. ನಿಜವಾಗಿಯೂ ಕೆಲಸ ಮಾಡುತ್ತದಲ್ಲ ಎಂದು ಎದೆ ಉಬ್ಬಿಸಿದ. ಮೇಡಂ ಕೇಳಿದ್ದಕ್ಕೆ ಗುರಣ್ಣ ಕೈಮುಗಿದು, ಸರ್ ಹೇಳಿದ ಔಷಧ ಬಿಟ್ಟರೆ ಬೇರೆ ಮುಟ್ಟಿಲ್ಲ ಎಂದು ಮುರುಕು ಮರಾಠಿಯಲ್ಲಿ ಒಪ್ಪಿಸಿದ.

ಜ್ಞಾನೇಶ್ವರ ಎಲ್ಲಿಂದಲೋ ಸ್ಟೀಲ್ ಲೋಟ ತಂದು, ಪಂಪಿನ ಮುಚ್ಚಳ ತಿರುಗಿಸಿ, ಬೆಳ್ಳಗೆ ಹಾಲಿನಂತಿದ್ದ ನೀರನ್ನು ಕಂಠಮಟ ತುಂಬಿದ. ಮದುವೆಯಲ್ಲಿ ಬೀಗರಿಗೆ ಪಾನಕ ಕೊಡುವಂತೆ ಎರಡೂ ಕೈಯಲ್ಲಿ ಹಿಡಿದು ದಿಗಂಬರನಿಗೆ ನೀಡಿದ.

ಗುರಣ್ಣನ ಹೆಂಡತಿ ಮಲಕಮ್ಮ ಅಲ್ಲಿಯವರೆಗೆ ಹೂ ಬಿಡಿಸುತ್ತಿದ್ದಳು. ಲೋಟ ಬಾಯಿಯ ಕಡೆ ಹೊರಟದ್ದನ್ನು ಕಂಡು ಬುಟ್ಟಿ ಬಿಟ್ಟು ಬಂದಳು. ಪುಣೆಯ ಮೇಡಂಗೂ ಪರಭಣಿಯ ಜ್ಞಾನೇಶ್ವರನಿಗೂ ಲಾತೂರ ಕಡೆಯ ಪ್ರಾಂಶುಪಾಲರಿಗೂ ಕನ್ನಡ ಬಾರದೆಂಬುದು ಅವಳ ಲೆಕ್ಕ. ಹೀಗಾಗಿ ಅವಳು ಸೆರಗು ಸರಿಮಾಡಿಕೊಳ್ಳುತ್ತ, ಹೂವಿನ ಸುದ್ದಿ ಹೇಳುವವಳ ಹಾಗೆ ಮೆಲ್ಲಗೆ ಹೇಳಿದಳು.

"ಸರ, ಅದು ಕುಡೀಬ್ಯಾಡ್ರಿ. ನಿಮ್ಮ ಕಷಾಯ ಅಲ್ಲ ಅದು, ಅಂಗಡ್ಯಾಂದು ಎಣ್ಣಿ ಅದ. ಹುಳಕ್ಕ ಹೊಡಿಯೋ ಇಷಾ."

ದಿಗಂಬರ ಲೋಟವನ್ನು ಮೂತಿಯಿಂದ ಮಾರುದ್ದ ದೂರ ಹಿಡಿದ. ತನ್ನ ಕಷಾಯ ಎಲ್ಲಿ ಹೋಯಿತೆಂದು ಅವನೂ ಕನ್ನಡದಲ್ಲೇ ಕೇಳಿದ.

"ಒಮ್ಮಿ ಹೊಡದಿದ್ದೆವ್ರಿ," ಎಂದ ಗುರಣ್ಣ, ಮುಖದಲ್ಲಿ ನಗೆ ಇಟ್ಟುಕೊಂಡೇ. "ಎಲಿ ಎಲ್ಲಾ ಸುಟ್ಟು ಕರ್ರಗಾದ್ವು, ಹೇನು ಮಾತ್ರ ಹಂಗೇ ಇದ್ವು. ಮಾಲು ಹೈದರಾಬಾದಕ್ಕ ಹೋಗಬೇಕಲ್ರಿ, ಅದಕ್ಕ ಅಂಗಡ್ಯಾಂದು ತಂದೆ. ಇದು ಮೇಡಮ್ಮರಿಗಿ ಹೇಳಬ್ಯಾಡ್ರಿ, ನಿಮ್ಮ ಹೆಸರು ಕೆಡತದ."

ನಿಜ ಹೇಳಿದರೆ ನೌಕರಿ ಹೋಗುತ್ತದೆ, ಕುಡಿದರೆ ಜೀವ ಹೋಗುತ್ತದೆ. ಯಾವುದು ದೊಡ್ಡದೆಂದು ನಿರ್ಧರಿಸಲು ದಿಗಂಬರನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕೊನೆಗೆ ಇಂದು ಸೋಮವಾರ, ತನ್ನದು ಉಪವಾಸ ಎಂದ. ಬೆಳಗ್ಗೆ ಅವನು ತಿಂದ ವಡಾಪಾವಿನ ಚಟ್ನಿ ಅಂಗಿಯ ಮೇಲೆ ಇನ್ನೂ ಹಸಿಯಾಗಿತ್ತು. ಜ್ಞಾನೇಶ್ವರ ಅದರ ಕಡೆ ಬೊಟ್ಟು ಮಾಡಿದ. ಮೇಡಂ, ಎಲೆಯ ರಸಕ್ಕೆ ಉಪವಾಸ ಕೆಡುವುದಿಲ್ಲ ಎಂದರು.

ಆಗ ಭೀಮಾಶಂಕರ ಅವರು ಮುಂದೆ ಬಂದರು. ದೈವಭಕ್ತನ ಉಪವಾಸ ಯಾಕೆ ಕೆಡಿಸಬೇಕು, ತಮ್ಮ ಸಕ್ಕರೆಗೂ ಒಳ್ಳೆಯದಾದೀತು ಎಂದು ಲೋಟವನ್ನು ಕಸಿದುಕೊಂಡು, ಕಣ್ಣು ಮುಚ್ಚಿ, ತೀರ್ಥಕ್ಕೆ ಬಾಯಿ ತೆರೆದಂತೆ ತೆರೆದರು.

ದಿಗಂಬರನ ಕಣ್ಣಿಗೆ ಪ್ರಾಂಶುಪಾಲರ ಶವ, ಅದರ ಪಕ್ಕ ಪೊಲೀಸ್ ಜೀಪು, ಜೀಪಿನಲ್ಲಿ ತಾನು, ಎಲ್ಲವೂ ಒಟ್ಟಿಗೆ ಕಂಡವು. ಹಾವು ಹಾವು ಎಂದು ಕಿರುಚಿ ಲೋಟಕ್ಕೆ ಕೈ ಬೀಸಿದ. ವಿಷವೆಲ್ಲ ಭೀಮಾಶಂಕರ ಅವರ ಬಿಳಿ ಸಫಾರಿಯ ಮೇಲೆ ಚೆಲ್ಲಿತು. ಅವರು ಹಿಂದಕ್ಕೆ ಹೆಜ್ಜೆಯಿಡಲು ಹೋಗಿ, ಗಿಡಗಳಿಗೆ ಹನಿ ನೀರುಣಿಸುವ ಪೈಪುಗಳಿಗೆ ಸಿಕ್ಕಿ, ಸೇವಂತಿಗೆ ಸಾಲಿನಲ್ಲಿ ಹಾಸಿಗೆ ಹಾಸಿದಂತೆ ಮಲಗಿದರು. ದಿಗಂಬರ ಪಂಪಿಗೂ ಒಂದು ಒದೆ ಕೊಟ್ಟು ಉಳಿದದ್ದನ್ನೆಲ್ಲ ಮಣ್ಣುಪಾಲು ಮಾಡಿದ. ಇಪ್ಪತ್ತು ವರ್ಷದಿಂದ ಹಾವುಗಳ ಬಗ್ಗೆ ಪಾಠ ಮಾಡುತ್ತಿದ್ದ ಜ್ಞಾನೇಶ್ವರ ಎಲ್ಲರಿಗಿಂತ ಮೊದಲು ಓಡಿ, ಟ್ರ್ಯಾಕ್ಟರಿನ ಟ್ರಾಲಿ ಏರಿ, ಹಾವಿನ ಉದ್ದ ಎಷ್ಟೆಂದು ಮೇಲಿನಿಂದಲೇ ಕೇಳಿದ. ಮಲಕಮ್ಮ ಬೋರಿನ ನೀರಿನ ಪೈಪು ಎಳೆದು ತಂದು ಪ್ರಾಂಶುಪಾಲರನ್ನು ಎಮ್ಮೆ ತೊಳೆದಂತೆ ಮೂತಿಯಿಂದ ಕಾಲಿನವರೆಗೆ ತೊಳೆದಳು.

ಸುವರ್ಣಾ ಮೇಡಂ ಮಾತ್ರ, ಲೋಟ ತಡೆಯಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ನಿಂತ ಜಾಗ ಬಿಟ್ಟು ಕದಲಿರಲಿಲ್ಲ. ಎಲ್ಲ ತಣ್ಣಗಾದ ಮೇಲೆ, ದಿಗಂಬರ ಒಬ್ಬನೇ ತಮ್ಮ ಕಾರಿನಲ್ಲಿ ಬರಲಿ ಎಂದರು.

ಕಾರು ಹೆದ್ದಾರಿ ಸೇರಿತು. ದಿಗಂಬರ ಮನಸ್ಸಿನಲ್ಲೇ ಮನೆಪಾಠಕ್ಕೆ ಬರಬಹುದಾದ ಮಕ್ಕಳನ್ನು ಹುಡುಕುತ್ತಿದ್ದ. ಆದರೂ ಆಸೆ ಸಾಯಲಿಲ್ಲ. ಹಾವು ಬಹಳ ದೊಡ್ಡದಿತ್ತು ಎಂದು ಮರಾಠಿಯಲ್ಲಿ ಶುರುಮಾಡಿದ. ಮೇಡಂ ಕಿಟಕಿಯ ಹೊರಗೆ ನೋಡುತ್ತಲೇ, ಉಮರ್ಗಾದ ಸಂತೆಯಲ್ಲಿ ಕೇಳುವಂಥ ಅಚ್ಚ ಕನ್ನಡದಲ್ಲಿ ಹೇಳಿದರು.

"ಕುಡದ್ರ ಬಾಧಿ ಇಲ್ಲ ಅಂತ ಬರದಾಕಿ ನಾನೇ ರೀ."

ದಿಗಂಬರ ಹಾವನ್ನು ಅಲ್ಲಿಗೇ ಬಿಟ್ಟ. ಮೇಡಂ ಸಾವಕಾಶವಾಗಿ ಎಲ್ಲ ಹೇಳಿದರು. ತವರುಮನೆ ನಿಲಂಗಾದ ಹತ್ತಿರ, ಮನೆಮಾತು ಕನ್ನಡ. ಉದಗೀರದ ಆ ಪ್ರಬಂಧ ಅವರು ಮದುವೆಗೆ ಮುಂಚೆ ತವರಿನ ಹೆಸರಿನಲ್ಲಿ ಬರೆದದ್ದು. ಅದರ ಮೇಲೆಯೇ ನೌಕರಿ, ಬಡ್ತಿ, ಪುಣೆ, ಎಲ್ಲ ಬಂದದ್ದು. ಇವನದನ್ನು ಓದಿದಾಗ ತಮ್ಮ ಅಲ್ಪವಿರಾಮಗಳನ್ನೂ ಗುರುತಿಸಿದ್ದರು.

ದಿಗಂಬರ ಧೈರ್ಯ ಮಾಡಿ ಕೇಳಿದ. "ಅಂದ್ರ ಮೇಡಂ, ನೀವು ಕುಡದು ನೋಡೀರಿ?"

"ನನಗೇನು ಹುಚ್ಚೇನ್ರಿ? ಪುಟದಾಗ ಒಂದು ಸಾಲಿನ ಜಾಗ ಖಾಲಿ ಉಳಿದಿತ್ತು, ತುಂಬಿದೆ. ಯಾರರ ಕುಡದಾರೇನು ಅಂತ ಅವತ್ತಿನಿಂದ ನನಗೂ ಒಳಗ ಕೊರೀಲಿಕ್ಕೇ ಹತ್ತದ."

ದಿಗಂಬರ ಮೊದಲ ಬಾರಿಗೆ ಉಸಿರಾಡಿದ. ಇವನನ್ನು ಬಯಲಿಗೆಳೆದರೆ ಮೇಡಂ ತಾವೂ ಬಯಲಿಗೆ ಬರಬೇಕು. ಕಳ್ಳನ ಮನೆಗೆ ಬಂದವರು ಬೀಗರೇ ಆದಂತಾಯಿತು ಎಂದು ಸೀಟಿಗೆ ಒರಗಿ ಕೂತ. ಕಾಯಂ ಆದ ಮೇಲೆ ಸ್ಟಾಫ್ ರೂಮಿನ ಫ್ಯಾನಿನ ಕೆಳಗಿನ ಕುರ್ಚಿ ತನಗೇ ಎಂದೂ ನಿಶ್ಚಯಿಸಿದ.

ಮೇಡಂ ಅವನ ಸಂತೋಷವನ್ನು ತಡೆಯಲಿಲ್ಲ. ಯೋಜನೆ ಮಂಜೂರು ಎಂದರು. ಆದರೆ ಹೂವಿಗೆ ಹೊಡೆಯುವ ಯೋಜನೆ ಸಾಕು, ಎಲೆ ಸುಡುತ್ತದೆಂದು ಗುರಣ್ಣನ ಬಾಯಿಂದಲೇ ಗೊತ್ತಾಯಿತು. ಇನ್ನು ಮುಂದೆ ಇದು ಗಿಡಮೂಲಿಕೆ ಔಷಧದ ಯೋಜನೆ. ಮನುಷ್ಯರು ದಿನವೂ ಕಷಾಯ ಕುಡಿದರೆ ಏನಾಗುತ್ತದೆಂದು ಒಂದು ವರ್ಷ ನೋಡಬೇಕು.

"ಯಾರು ಕುಡೀಬೇಕ್ರಿ ಮೇಡಂ?" ಎಂದ ದಿಗಂಬರ.

"ಬರದವರೇ ಕುಡದ್ರ ಛಲೋ ಅಲ್ಲೇನ್ರಿ? ನಾ ಬರದದ್ದು ಚೆಂಡು ಹೂವಿಂದು. ಸೇವಂತಿಗಿದು ಬರದವರು ನೀವು."

ಮೇಡಂ ಕಾರಿನಿಂದಲೇ ಮಾಡಿದ ಫೋನಿನಲ್ಲಿ ಸುದ್ದಿ ಮೊದಲೇ ಮುಟ್ಟಿತ್ತು. ಕಾಲೇಜಿನ ಬಾಗಿಲಲ್ಲಿ ಬೇರೆಯವರ ಪ್ಯಾಂಟು ತೊಟ್ಟ ಭೀಮಾಶಂಕರ ಅವರು ಹಾರ ಹಿಡಿದು ನಿಂತಿದ್ದರು. ಅವರ ಹಿಂದಿನಿಂದ ಜ್ಞಾನೇಶ್ವರ ತೂಕದ ಯಂತ್ರ ಹೊತ್ತುಕೊಂಡು ಬಂದ. ಪ್ರಯೋಗ ಈಗ ಗಿಡದ ಮೇಲಲ್ಲ, ಜೀವಂತ ಪ್ರಾಣಿಯ ಮೇಲೆ ನಡೆಯುವುದರಿಂದ ಅದರ ಮೇಲ್ವಿಚಾರಣೆ ಪ್ರಾಣಿಶಾಸ್ತ್ರ ವಿಭಾಗಕ್ಕೆ ಬಂದಿದೆ ಎಂದು ವಿನಯದಿಂದ ತಿಳಿಸಿ, ಯಂತ್ರವನ್ನು ದಿಗಂಬರನ ಕಾಲ ಬಳಿ ಇಟ್ಟು, ಚಪ್ಪಲಿ ಬಿಟ್ಟು ಹತ್ತಲು ಹೇಳಿದ.