ಮೊಬೈಲ್ ಮೃಗಗಳೂ ನಮ್ಮತ್ತೆಯೂ

ಮೃಗಗಳ ಚಿತ್ರ ಬರೆಯಲು ಕೂತರೆ ಮನುಷ್ಯರು ಸುಮ್ಮನೆ ಬಿಡುವುದಿಲ್ಲ ಎಂಬುದು ನನ್ನ ಅನುಭವ. ನಾನು ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಬಣ್ಣದ ಪರದೆಯ ಮೊಬೈಲು ಆಗಷ್ಟೇ ಎಲ್ಲರ ಕೈಗೂ ಬರುತ್ತಿದ್ದ ಕಾಲ. ಚಾಮರಾಜನಗರದಲ್ಲಿ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದವರೊಬ್ಬರು ಮೊಬೈಲ್ ಗೇಮ್ ಮಾಡಲು ಹೊರಟರು. ವಿಚಿತ್ರ ಮೃಗಗಳನ್ನು ಹಿಡಿಯುವುದು, ಸಾಕುವುದು, ಕಾಳಗಕ್ಕೆ ಬಿಡುವುದು, ಇದೇ ಆಟ. ಮೃಗಗಳನ್ನು ಬರೆಯುವವಳು ನಾನು. ಬಂಡೀಪುರದ ಪಕ್ಕದಲ್ಲೇ ಹುಟ್ಟಿದವಳಿಗೆ ಇದ್ಯಾವ ಮಹಾ ಎಂದು ಒಪ್ಪಿಕೊಂಡೆ.

೧. ಬೆನ್ನ ಮೇಲಿನ ಬೆಂಕಿ

ಮೊದಲ ಮೃಗಕ್ಕೆ ಆನೆಯ ಸೊಂಡಿಲು, ಹುಲಿಯ ಪಟ್ಟೆ, ನವಿಲಿನ ಗರಿ, ಮೊಸಳೆಯ ಬಾಲ ಎಲ್ಲ ಹಾಕಿದೆ. ಸಾಲದೆಂದು ಬೆನ್ನ ಮೇಲೆ ಬೆಂಕಿಯನ್ನೂ ಹಚ್ಚಿದೆ. ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಗೆ ತೋರಿಸಿದೆ.

"ಯಾವ್ ಪ್ರಾಣಿ ಕಣಮ್ಮಿ ಇದು?"

"ಎಲ್ಲಾ ಸೇರಿರೋದು ಅತ್ತೆ."

"ಎಲ್ಲಿ ಸೇರವೆ? ಜಗಳ ಆಡ್ಕಂಡು ಕೂತವೆ. ಒಂದ್ನ ಇಟ್ಕೊ, ಮಿಕ್ಕಿದ್ನ ಕಾಡ್ಗೆ ಕಳ್ಸು."

ಸೊಂಡಿಲೊಂದನ್ನೇ ಉಳಿಸಿದೆ. ಮೃಗ ಗೇಮಿನವರ ಮೊದಲ ನೋಟಕ್ಕೇ ಪಾಸಾಯಿತು. ಸುದ್ದಿ ಹೇಳಿದರೆ ಅತ್ತೆ ಕೇಳಿದ್ದು ಒಂದೇ ಮಾತು: "ಬೆಂಕಿ ಆರ್ಸುದ್ಯಾ? ಪಾಪ, ಬೆನ್ನು ಉರೀತಿತ್ತು."

೨. ಕಪ್ಪು ನೆರಳು

ಆಗಿನ ಮೊಬೈಲ್ ಪರದೆ ಬೆಂಕಿಪೊಟ್ಟಣದಷ್ಟು. ಅದರಲ್ಲಿ ಕಣ್ಣು ಮೂಗು ಯಾರಿಗೆ ಕಾಣಬೇಕು? ಬರೀ ನೆರಳು ನೋಡಿದರೂ ಇಂಥದ್ದೇ ಎಂದು ಗೊತ್ತಾಗುವ ಮೃಗವೇ ಒಳ್ಳೆಯ ಮೃಗ. ಪರೀಕ್ಷೆ ಮಾಡೋಣವೆಂದು ಕಪ್ಪು ಕಾಗದದಲ್ಲಿ ಒಂದು ಮೃಗದ ಆಕಾರ ಕತ್ತರಿಸಿ ಎಂಟನೇ ಕ್ಲಾಸಿನ ಬೋರ್ಡಿಗೆ ಅಂಟಿಸಿದೆ. ಗುಡಾಣದಂಥ ಹೊಟ್ಟೆ, ಸಣ್ಣ ಕಾಲು, ನೆತ್ತಿಯ ಮೇಲೆ ನೆಟ್ಟಗೆ ನಿಂತ ಎರಡೇ ಎರಡು ಕೂದಲು.

"ಇದು ಯಾವುದು ಹೇಳಿ?"

ಇಡೀ ಕ್ಲಾಸು ಕೂಗಿತು: "ಹೆಡ್ಮಾಸ್ಟ್ರು!"

ಮಕ್ಕಳ ಬೆನ್ನ ಹಿಂದಿನ ಬಾಗಿಲಲ್ಲಿ ಹೆಡ್ಮಾಸ್ಟರೇ ಕನ್ನಡಕ ಒರೆಸುತ್ತ ನಿಂತಿದ್ದರು.

"ಭೇಷ್ ಮೇಡಂ! ಮಕ್ಕಳು ತಿರುಗಿ ನೋಡದೇನೇ ನಾನು ಬಂದಿದ್ದು ಕಂಡುಹಿಡಿದ್ರಲ್ಲ, ಎಂಥಾ ಶಿಸ್ತು!"

ಅವರು ಕನ್ನಡಕ ಹಾಕಿಕೊಳ್ಳುವುದರೊಳಗೆ ಮೃಗ ನನ್ನ ಬ್ಯಾಗು ಸೇರಿತ್ತು.

೩. ಕೊಂಬು

ಕಣ್ಣಾರೆ ನೋಡಿ ಬರೆದರೇ ಕೊಂಬಿಗೊಂದು ತೂಕ. ತೆರಕಣಾಂಬಿಯ ದನದ ಸಂತೆಯಲ್ಲಿ ಒಂದು ಹೋರಿಯ ಮುಂದೆ ನಿಂತು ಬರೆದುಕೊಳ್ಳುತ್ತಿದ್ದೆ. ಹೋರಿ ಮಾರಲು ಬಂದಿದ್ದ ಯಜಮಾನ "ಒಸಿ ತಡೀರವ್ವ" ಎಂದು ಅದರ ಮುಖ ಒರೆಸಿ, ತಾನೂ ತಲೆ ಬಾಚಿಕೊಂಡು ಪಕ್ಕದಲ್ಲಿ ನಿಂತ.

"ಈಗ ಬರ್ಕಳಿ, ಇಬ್ರೂ ಬರಂಗೆ. ಮೂಗುದಾರ ಅದುಕ್ಕೆ ಆಕಿ, ಮೀಸೆ ನಂಗಾಕಿ."

೪. ಬೆಳೆದ ಮೃಗ

ಆಟದಲ್ಲಿ ಸಾಕಿದ ಮರಿ ಬೆಳೆದಂತೆ ರೂಪ ಬದಲಿಸುತ್ತದೆ. ಆದರೂ ಮರಿಯ ಗುರುತು ಒಂದಾದರೂ ಉಳಿಯಬೇಕು. ಇಲ್ಲದಿದ್ದರೆ ಸಾಕಿದವರಿಗೆ ಇದು ನನ್ನದೇ ಎನ್ನಿಸುವುದಿಲ್ಲ. ಹಾಗಾಗಿ ಒಂದೇ ಮೃಗದ ಮೂರು ರೂಪ ಬರೆದೆ: ಕೆನ್ನೆಯುಬ್ಬಿದ ಮರಿ, ಜಿಗಿದಾಡುವ ಪಡ್ಡೆ, ಗೋಡೆಗೊರಗಿ ತೂಕಡಿಸುವ ಭಾರಿ ಮೃಗ. ಮೂರಕ್ಕೂ ಎಡಗಿವಿಯ ತುದಿ ಮಡಚಿಕೊಂಡಿತ್ತು. ಆ ಕಿವಿ ಎಲ್ಲಿಂದ ತಂದೆನೆಂದು ಯಾರಿಗೂ ಹೇಳಿರಲಿಲ್ಲ.

ಗೇಮಿನವರು ಖುದ್ದು ಮನೆಗೆ ಬಂದರು. ಈ ಮೂರು ಸರಿಹೋಗದಿದ್ದರೆ ಮುಂದಿನ ಕೆಲಸವೆಲ್ಲ ಮೈಸೂರಿನವರಿಗೆ ಎಂದು ಮೊದಲೇ ಹೇಳಿದ್ದರು.

"ಮೊದಲೆರಡು ಎಷ್ಟು ಮುದ್ದಾಗಿವೆ! ಮೂರನೇದು ಯಾಕೆ ಮೇಡಂ ಹಿಂಗೆ ಕೂತ್ಬಿಟ್ಟಿದೆ? ಅದೇ ಇದು ಅಂತ ಯಾರಿಗೆ ಗೊತ್ತಾಗುತ್ತೆ?"

"ಕಿವಿ ನೋಡಿ ಸಾರ್, ಯಾರಿಗಾದ್ರೂ ಗೊತ್ತಾಗುತ್ತೆ" ಎಂದೆ.

ಅಷ್ಟರಲ್ಲಿ ಕಾಫಿ ತಂದ ಅತ್ತೆ ಚಿತ್ರಗಳನ್ನು ನೋಡಿ ಬಾಯಿ ಮೇಲೆ ಕೈ ಇಟ್ಟರು. "ಅಯ್ ಶಿವ್ನೆ, ನನ್ ಮಗುನ್ನ ಯಾವಾಗ ಬರ್ದೆ?"

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಯಜಮಾನರು ಲುಂಗಿ ಬಿಗಿದುಕೊಳ್ಳುತ್ತ, ಆಕಳಿಸುತ್ತ ಒಳಗಿನಿಂದ ಬಂದು ಗೋಡೆಗೊರಗಿ ಕೂತರು. ಗೇಮಿನವರು ಅವರ ಎಡಗಿವಿ ನೋಡಿದರು, ಚಿತ್ರ ನೋಡಿದರು, ಕಾಫಿ ಚೆಲ್ಲುವಷ್ಟು ನಕ್ಕರು.

"ಮೂರೂ ಓಕೆ ಮೇಡಂ. ಮುಂದಿನದೂ ನೀವೇ ಬರೀರಿ."

ಅತ್ತೆ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಮೊದಲೆರಡು ಹಾಳೆಗಳನ್ನು ತಮ್ಮ ಕಡೆ ಎಳೆದುಕೊಂಡರು. "ಇವೆಲ್ಡೂ ನಾನ್ ಸಾಕುದ್ದು ಸಾರ್." ಮೂರನೆಯದನ್ನು ನನ್ನ ಕಡೆ ತಳ್ಳಿದರು. "ಇದು ಇವ್ಳು ಸಾಕುದ್ದು."