ಖಾದರನ ಜೇಬು ಮತ್ತು ನನ್ನ ಚೆಸ್

ಪಾಂಡವಪುರದಲ್ಲಿ ಚೆಸ್ ಎಂದರೆ ನಾನೇ ಎಂದು ತಿಳಿದಿದ್ದೆ. ಹೈಸ್ಕೂಲಿನ ಗಣಿತ ಮೇಷ್ಟ್ರು ನಾನು; ಲೆಕ್ಕ ಬರುವವನಿಗೆ ಚೆಸ್ ಬಾರದೆ ಇರುತ್ತದೆಯೇ? ಮಕ್ಕಳ ಚೆಸ್ ತಂಡಕ್ಕೆ ಹೇಳಿಕೊಡುವವರು ಬೇಕೆಂದಾಗ ಮೊದಲು ಎದ್ದ ಕೈ ನನ್ನದು. ಅಷ್ಟರಲ್ಲಿ ಯಾರೋ ಬಸ್‌ಸ್ಟ್ಯಾಂಡ್ ಎದುರಿನ ಟೈಲರ್ ಖಾದರನ ಹೆಸರನ್ನೂ ಹೇಳಿಬಿಟ್ಟರು. ಹೆಡ್ಮಾಸ್ತರು ತೀರ್ಪು ಕೊಟ್ಟರು.

"ನಾಕು ಭಾನ್ವಾರ ಇಬ್ರೂ ಆಡಿ. ಒಂದಾಟ ಗೆದ್ರೂ ಸಾಕು ಮೇಷ್ಟ್ರೇ, ತಂಡ ನಿಮ್ದೇ."

ಒಂದೇ ಒಂದು ಆಟ! ನನ್ನ ಘನತೆಗೆ ಕಡಿಮೆಯಾಯಿತೇನೋ ಎನಿಸಿತು.

ಶಾಸ್ತ್ರೋಕ್ತವಾಗಿ ಅಧ್ಯಯನ ಆರಂಭಿಸಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಮೊದಲ ಹನ್ನೆರಡು ನಡೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದೆ. ಮೊದಲ ಭಾನುವಾರ ಅವನ ಅಂಗಡಿಯಲ್ಲೇ ಆಟಕ್ಕೆ ಕೂತೆವು. ಖಾದರ್ ಎರಡನೇ ನಡೆಯನ್ನೇ ವಿಡಿಯೋದಲ್ಲಿ ಇಲ್ಲದ ಹಾಗೆ ಆಡಿದ. ಪಠ್ಯದ ಹೊರಗಿನ ಪ್ರಶ್ನೆ! ಅರ್ಧ ಗಂಟೆಯಲ್ಲಿ ಸೋತೆ.

ಅನುಮಾನ ಅಲ್ಲೇ ಹುಟ್ಟಿತು. ಅವನ ಜೇಬಿನಲ್ಲಿ ಮೊಬೈಲ್ ಇತ್ತು. ಆಟ ಮುಗಿದ ಕೂಡಲೇ ಅಂಗಡಿಯ ಮೂಲೆಗೆ ಹೋಗಿ ಏನೋ ಗೀಚಿಕೊಂಡು ಬಂದ. ಎರಡನೇ ವಾರ ಅವನ ಮೊಬೈಲನ್ನು ನನ್ನ ಚೀಲದಲ್ಲಿ ಇಟ್ಟುಕೊಂಡು ಸೋತೆ. ಮೂರನೇ ವಾರ ನನ್ನ ಬೆನ್ನ ಹಿಂದಿದ್ದ ಕನ್ನಡಿಗೆ ಲಂಗದ ಬಟ್ಟೆ ಹೊದಿಸಿ ಸೋತೆ. ಚೆಸ್‌ನಲ್ಲಿ ಕಾಯಿಗಳೆಲ್ಲ ಇಬ್ಬರ ಕಣ್ಣೆದುರಿಗೇ ಇರುತ್ತವೆ, ಕನ್ನಡಿಯಲ್ಲಿ ಕದ್ದು ನೋಡಲು ಏನೂ ಇಲ್ಲ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು.

"ಅಲ್ಲ ಕಣ್ರೀ, ಆವಯ್ಯ ಏನೋ ಬರ್ಕೊತಾನೆ ಅಂತೀರಲ್ಲ, ನೀವೇನಾರ ಬರ್ಕೊಂಡ್ರಾ?" ಎಂದಳು ಹೆಂಡತಿ.

ಅವಳ ರವಿಕೆ ಹೊಲಿಯುವವನೂ ಅವನೇ ಎಂಬುದು ಆಗ ನೆನಪಾಯಿತು. ಅವಳೆದುರು ಚೆಸ್ ಮಾತು ನಿಲ್ಲಿಸಿದೆ.

ಕೊನೆಯ ಭಾನುವಾರ ಬೋರ್ಡನ್ನು ತೊಣ್ಣೂರು ಕೆರೆ ಏರಿಗೆ ಸಾಗಿಸಿದೆ. ಅಲ್ಲಿ ನನಗೆ ನೆಟ್‌ವರ್ಕ್ ಸಿಗುವುದಿಲ್ಲ; ಅವನಿಗೂ ಸಿಗಬಾರದು. ಸಾಕ್ಷಿಗೆ ಹೆಡ್ಮಾಸ್ತರು ಬಂದರು. ಆಟದ ನಡುವೆ ಖಾದರನ ಕೈ ಮೆಲ್ಲಗೆ ಜೇಬಿಗೆ ಹೋಯಿತು. ನಾನು ಕಣ್ಣು ಕೀಳಲಿಲ್ಲ. ಅದೇ ಧ್ಯಾನದಲ್ಲಿ ನನ್ನ ರಾಣಿಯನ್ನು ಅವನ ಕುದುರೆಯ ಬಾಯಿಗೆ ಇಟ್ಟೆ. ಅವನು ಕರ್ಚೀಫು ತೆಗೆದು ಮೂಗೊರೆಸಿಕೊಂಡ.

ಸೋತ ಸಿಟ್ಟಿಗೆ ಕೇಳಿಯೇಬಿಟ್ಟೆ. "ಆಟ ಮುಗುದ್ಮೇಲೆ ಅದೇನ್ ಗೀಚ್ತೀಯ ಖಾದರ್, ತೋರ್ಸು ಅತ್ಲಾಗಿ."

ಅವನು ಬೇಸರವಿಲ್ಲದೆ ಚೀಲದಿಂದ ತನ್ನ ಅಳತೆ ಪುಸ್ತಕ ತೆಗೆದುಕೊಟ್ಟ. "ನಾನ್ ಎಲ್ಲೆಲ್ಲಿ ತಪ್ಪಾಡ್ದೆ ಅಂತ ಬರ್ಕೊತೀನಿ ಸಾರ್. ವಾರ ಪೂರ್ತಿ ಮಿಸಿನ್ ತುಳೀತಾ ಅದ್ನೇ ಯೋಚ್ನೆ ಮಾಡ್ತೀನಿ, ಅಷ್ಟೇಯ."

ಶರ್ಟು ಪ್ಯಾಂಟುಗಳ ಅಳತೆಯ ನಡುವೆ ಹಿಂದಿನ ಮೂರು ಆಟಗಳೂ ಇದ್ದವು. ತಪ್ಪುಗಳೆಲ್ಲ ಅವನವೇ. ನನ್ನ ಬಗ್ಗೆ ಒಂದೇ ಸಾಲು. ಹೆಡ್ಮಾಸ್ತರು ಅದನ್ನು ಗಟ್ಟಿಯಾಗಿ ಓದಿದರು.

"ಮೇಷ್ಟ್ರು ಬೋರ್ಡ್ ನೋಡಲ್ಲ, ನನ್ನೇ ನೋಡ್ತಾರೆ."

ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಈಗ ಪ್ರತಿ ಶನಿವಾರ ಖಾದರ್ ಬಂದು ಮಕ್ಕಳಿಗೆ ಹೇಳಿಕೊಡುತ್ತಾನೆ. ನಾನೂ ಹಿಂದಿನ ಬೆಂಚಿನಲ್ಲಿ ಕೂತು ನನ್ನ ತಪ್ಪುಗಳನ್ನು ಬರೆದುಕೊಳ್ಳುತ್ತೇನೆ. ಸಾಕಷ್ಟು ತಿದ್ದಿಕೊಂಡೆ ಎಂದೇ ನಂಬಿದ್ದೆ.

ಮೊನ್ನೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಹದಿನೈದೇ ನಡೆಯಲ್ಲಿ ನನ್ನನ್ನು ಸೋಲಿಸಿದಳು. ಅವಳ ಜಾಮಿಟ್ರಿ ಬಾಕ್ಸು ತೆರೆಸಿ ನೋಡಿದೆ.

ಕೈವಾರ, ಕೋನಮಾಪಕ, ಒಂದು ತುಂಡು ಪೆನ್ಸಿಲ್ಲು.