ಕರೆಯದೆ ಬಾರದವರು

ಕನಸು ಕಾಣುವವರಿಗೆ ಹೇಳಿ ಮಾಡಿಸಿದ ಕೆಲಸವೊಂದಿದ್ದರೆ ಅದು ಸಾಫ್ಟ್‌ವೇರ್ ಬಿಲ್ಡ್ ಮಾಡುವುದು, ಅಂದರೆ ಬರೆದ ತುಂಡುಗಳನ್ನೆಲ್ಲ ಜೋಡಿಸಿ ಓಡುವಂತೆ ಮಾಡುವುದು. ಒಂದು ಗುಂಡಿ ಒತ್ತಿದರೆ ಉಳಿದದ್ದನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ನಾವು ಗಂಭೀರವಾಗಿ ಪರದೆ ನೋಡುತ್ತಾ ಕೂತರಾಯಿತು. ಎರಡು ಸಾವಿರದ ಇಸವಿಯ ಆಚೀಚಿನ ಆ ದಿನಗಳಲ್ಲಿ ನಮ್ಮ ಆಫೀಸು ಜಯನಗರದ ಒಂದು ಮನೆಯ ಮಹಡಿಯಲ್ಲಿತ್ತು. ನನ್ನ ಕಿಟಕಿಗೊಂದು ಹೊಂಗೆ ಮರ. ಪರದೆಯಲ್ಲಿ ಸಾಲುಗಳು ಮೇಲೇರುತ್ತಿದ್ದರೆ ಹೊರಗೆ ಹೂವುಗಳು ಕೆಳಗಿಳಿಯುತ್ತಿದ್ದವು. ನಾನು ಅವೆರಡರ ನಡುವೆ ಎಲ್ಲೋ ತೇಲುತ್ತಿದ್ದೆ. ಹೆಸರು ಹಿಡಿದು ಕೂಗಿದರೂ ಇವನಿಗೆ ಕೇಳಿಸುವುದಿಲ್ಲ ಎಂಬುದು ಚಿಕ್ಕಂದಿನಿಂದಲೂ ನಮ್ಮಕ್ಕನ ದೂರು.

ನಮ್ಮ ಪ್ರೋಗ್ರಾಮಿನ ತಪ್ಪು ಹಿಡಿಯಲು ನೂರಾರು ಪುಟ್ಟ ಪರೀಕ್ಷೆಗಳಿದ್ದವು. ಅವುಗಳನ್ನೆಲ್ಲ ಲೈಬ್ರರಿ ಎಂಬ ಒಂದೇ ಗಂಟಾಗಿ ಕಟ್ಟಿ, ಲಿನಕ್ಸ್ ಮತ್ತು ವಿಂಡೋಸ್ ಎರಡು ಬಗೆಯ ಕಂಪ್ಯೂಟರಿನಲ್ಲೂ ಪ್ರೋಗ್ರಾಮಿಗೆ ಜೋಡಿಸಿ ಓಡಿಸುವುದು ನನ್ನ ಪಾಲಿಗೆ ಬಂದಿತ್ತು. ಲಿನಕ್ಸಿನಲ್ಲಿ ದಿನಾ ಯಾವುದಾದರೊಂದು ಪರೀಕ್ಷೆ ಫೇಲ್. ವಿಂಡೋಸ್‌ನಲ್ಲಿ ಮಾತ್ರ ಜೋಡಣೆಯೇ ಆಗದೆ ವಾರವೆಲ್ಲ ಕಾಡಿಸಿತು. ಇದರ ನಡುವೆಯೇ, ಬರುವ ಭಾನುವಾರ ನನ್ನ ಪುಟ್ಟ ಮಗಳ ನಾಮಕರಣ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಚಿಕ್ಕಲಸಂದ್ರದಲ್ಲಿರುವ ನಮ್ಮಕ್ಕ. "ಅತ್ತಿಗೆ ಫೋನೇ ಮಾಡಿಲ್ವಲ್ಲ ರೀ, ಬರ್ತಾರೆ ತಾನೇ?" ಎಂದು ಹೆಂಡತಿ ಎರಡು ಸಲ ಕೇಳಿದ್ದಳು. "ಭಾವನ ಆಫೀಸಿಗೆ ಈಮೇಲ್ ಹಾಕಿದೀನಿ. ಸ್ವಂತ ಅಕ್ಕನ್ನ ಬೇರೆ ಕರೀಬೇಕಾ?" ಎಂದಿದ್ದೆ.

ಶುಕ್ರವಾರ ಮಧ್ಯಾಹ್ನ ವಿಂಡೋಸ್ ಒಲಿಯಿತು. ಒಂದೂ ಫೇಲಿಲ್ಲ, ಪರದೆ ಪೂರ್ತಿ ಹಸಿರು! ಆಫೀಸಿಗೆಲ್ಲ ಕಾಫಿ ಕೊಡಿಸಿ, ಮೇಲಿನವರಿಗೆ ಸುದ್ದಿ ಕಳಿಸಿ, ಕುರ್ಚಿಗೆ ಒರಗಿ ಹೊಂಗೆ ಮರಕ್ಕೆ ಹೋಗಿಬಿಟ್ಟೆ. ಪಕ್ಕದ ಮೇಜಿನ ಬಸವರಾಜ ಕಾಫಿ ಲೋಟ ಹಿಡಿದು ಬಂದ. ವಿಜಾಪುರದವನು, ಬಿಟಿಎಂ ಬಡಾವಣೆಯ ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದ.

"ಸರ, ಒಟ್ಟ ಎಷ್ಟ ಪರೀಕ್ಷಾ ನಡದಾವ ನೋಡೀರೇನು?"

ನೋಡಿದೆ. ಸೊನ್ನೆ. ನಡೆದ ಪರೀಕ್ಷೆ ಸೊನ್ನೆ, ಫೇಲಾದದ್ದೂ ಸೊನ್ನೆ.

"ಲಿನಕ್ಸಿನ್ಯಾಗ ಲೈಬ್ರರಿ ಇಡಿಯಾಗಿ ಹಾಕಿದ್ರಿ, ಎಲ್ಲಾ ಬಂದ್ವು. ಇಲ್ಲಿ ವಿಂಡೋಸಿನ್ಯಾಗ ಹಂಗಲ್ರಿ. ಯಾರನ್ನ ಹೆಸರ ಹಿಡದು ಕರೀತೀರಿ, ಜೋಡಿಸಾಂವ, ಅಂದ್ರ ಲಿಂಕರ್ ಪ್ರೋಗ್ರಾಮ, ಅವರನ್ನಷ್ಟ ಒಳಗ ಬಿಡ್ತಾನ. ನಿಮ್ಮ ಪರೀಕ್ಷಾಗಳನ್ನ ಯಾರೂ ಕರದ ಇಲ್ಲ. ಕರೀಲಾರದ ಹೆಂಗ ಬರ್ತಾವ್ರಿ?"

ನನಗೆ ಪರೀಕ್ಷೆಗಳು ಮರೆತೇಹೋದವು. ಕಣ್ಣ ಮುಂದೆ ಬಂದದ್ದು ನಾಮಕರಣಕ್ಕೆಂದು ನಾನು ಕಳಿಸಿದ ಈಮೇಲು. "ಆತ್ಮೀಯರೇ" ಎಂದು ಶುರು ಮಾಡಿ, ಊರಿನವರಿಗೆಲ್ಲ ಒಟ್ಟಿಗೆ ಕಳಿಸಿದ್ದೆ. ಉತ್ತರ ಬಂದಿಲ್ಲವೆಂದರೆ ಎಲ್ಲ ಸರಿಯಿದೆ ಎಂದೇ ತಿಳಿದಿದ್ದೆ. ಬಸವರಾಜನಿಗೆ ಕಂಪ್ಯೂಟರ್ ಒಪ್ಪಿಸಿ ಮನೆಗೆ ಓಡಿದೆ. ಹೆಂಡತಿ ಏನೂ ಕೇಳದೆ ಕುಂಕುಮದ ಭರಣಿ, ಹೂವು, ತೆಂಗಿನಕಾಯಿ ಕೈಗಿಟ್ಟಳು. ಎಷ್ಟು ದಿನದಿಂದ ಅವನ್ನು ತಯಾರು ಮಾಡಿಟ್ಟಿದ್ದಳೋ ಏನೋ.

ಚಿಕ್ಕಲಸಂದ್ರ ಮುಟ್ಟುವಾಗ ಬೀದಿ ದೀಪ ಹತ್ತುತ್ತಿತ್ತು. ಅಕ್ಕ ಬಾಗಿಲಲ್ಲೇ ನಿಂತು, "ಏನಪ್ಪಾ ಆತ್ಮೀಯರೇ, ದಾರಿ ತಪ್ಪಿ ಬಂದ್ರಾ?" ಎಂದಳು.

"ಅಕ್ಕಾ, ಭಾನುವಾರ ಮಗೂಗೆ ಹೆಸರಿಡ್ಬೇಕು. ನೀನೇ ಬಂದು ಇಡ್ಬೇಕು."

"ಇಷ್ಟು ಹೇಳಕ್ಕೆ ಬಾಯಿ ಸವೆದುಹೋಗ್ತಿತ್ತೇನೋ?" ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತು. ಕುಂಕುಮ ಹಚ್ಚಿಕೊಂಡು ಒಳಗೆ ಹೋದವಳು ಚಕ್ಕುಲಿ ತಟ್ಟೆ ತಂದಳು. ಜೊತೆಗೆ ಒಂದು ಪುಟ್ಟ ಬೆಳ್ಳಿ ಬಟ್ಟಲು; ಮಗು ಹುಟ್ಟಿದ ವಾರವೇ ತಂದಿಟ್ಟಿದ್ದಳಂತೆ.

ಭಾನುವಾರ ಎಲ್ಲರಿಗಿಂತ ಮೊದಲು ಬಂದವಳು ಅವಳೇ. ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದಳು. ಮಗು ಮಿಸುಕಲಿಲ್ಲ, ತುಟಿಯಂಚಿನಲ್ಲೇ ನಗುತ್ತಾ ಯಾವುದೋ ಕನಸಿನಲ್ಲಿತ್ತು. ಅಕ್ಕ ಸೊಂಟ ನೆಟ್ಟಗೆ ಮಾಡಿಕೊಂಡು ನನ್ನತ್ತ ತಿರುಗಿದಳು.

"ನಿನ್ ಮಗಳೇ ಕಣೋ, ಅನುಮಾನವೇ ಇಲ್ಲ."

ನಾನು ಆ ಹೊತ್ತಿಗೆ ಕಿಟಕಿಯಾಚೆ ನೋಡುತ್ತಿದ್ದೆನಂತೆ. ಅಕ್ಕ ಹೀಗೆಂದಳೆಂದು ಆಮೇಲೆ ಹೆಂಡತಿ ಹೇಳಿದಳು.